ತಮ್ಮನ ಹೆಂಡತಿಗೆ ಎದ್ದ ಚೀಟಿ

ನ್ಯೂಜಿಲೆಂಡಿಗೆ ಹೋಗಿ ಸಂಸಾರ ಸಮೇತ ನೆಲೆಸಲು ಬಯಸುವ ಟೋಂಗಾ ದ್ವೀಪದವರ ಹೆಸರುಗಳನ್ನು ವರ್ಷಕ್ಕೊಮ್ಮೆ ಚೀಟಿ ಎತ್ತಿ ಆರಿಸುತ್ತಾರೆ. ಸೇಯಿನಿ ಮದುವೆಯಾದಾಗಿನಿಂದ ಒಂದು ವರ್ಷವೂ ತಪ್ಪದೆ ಅರ್ಜಿ ಹಾಕಿ ಶುಲ್ಕ ಕಟ್ಟಿದ್ದಳು. ಅವಳ ಹೆಸರು ಒಮ್ಮೆಯೂ ಬಂದಿರಲಿಲ್ಲ. ಈ ಸಲ ಅವಳ ತಮ್ಮ ವಿಲಿಸೋನಿಯ ಹೆಂಡತಿ ಕಲೊಲೈನೆ ಮೊದಲ ಬಾರಿಗೆ ಅರ್ಜಿ ಹಾಕಿದಳು, ಅದೂ ಸೇಯಿನಿಯ ಫೋನಿನಲ್ಲಿ, ಸೇಯಿನಿ ಹೇಳಿಕೊಟ್ಟಂತೆ. ಅವಳ ಹೆಸರು ಬಂತು.

ಭಾನುವಾರ ಚರ್ಚಿನಲ್ಲಿ ಪಾದ್ರಿಗಳು ಕಲೊಲೈನೆಗಾಗಿ ದೇವರಿಗೆ ಸ್ತೋತ್ರ ಹೇಳಿದಾಗ ಸೇಯಿನಿ ಎಲ್ಲರಿಗಿಂತ ಜೋರಾಗಿ "ಆಮೆನ್" ಅಂದಳು. ಮನೆಗೆ ಬಂದವಳು ನೆಲದೊಲೆಯಲ್ಲಿ ಬೆಂದ ಕೆಸುವಿನೆಲೆ, ಮಾಂಸವನ್ನು ಮಾತ್ರ ಅವತ್ತು ಮುಟ್ಟಲಿಲ್ಲ.

ಮಾರನೆಯ ದಿನವೇ ಪೇಟೆಗೆ ಹೋಗಿ ವೀಸಾ ಕಚೇರಿಯ ಕಿಟಕಿಯ ಮುಂದೆ ನಿಂತಳು.

"ಚೀಟಿ ಎತ್ತೋದು ಯಾರು?"

"ಕಂಪ್ಯೂಟರ್, ಅಮ್ಮ," ಅಂದಳು ಒಳಗಿದ್ದ ಹುಡುಗಿ.

"ಅದು ಎತ್ತುವಾಗ ಪಕ್ಕದಲ್ಲಿ ನಿಂತು ನೋಡಿದವ್ರು ಯಾರು?"

"ನಾನಂತೂ ನೋಡಿಲ್ಲಮ್ಮ. ಎಲ್ಲ ಅಲ್ಲೇ, ಅವರ ದೇಶದಲ್ಲೇ ಆಗತ್ತೆ."

"ಹೆಸರು ಬರದೇ ಇದ್ದೋರ ದುಡ್ಡು?"

"ವಾಪಸ್ ಕೊಡಲ್ಲ. ಅದು ಅರ್ಜಿ ನೋಡೋ ಖರ್ಚು."

"ನನ್ನ ಅರ್ಜೀನ ಯಾರೂ ನೋಡೇ ಇಲ್ವಲ್ಲೇ!"

ಸಾಲಿನಲ್ಲಿ ನಿಂತವರು ಗೊಳ್ಳೆಂದು ನಕ್ಕರು. ಸೇಯಿನಿಗೆ ನಗು ಬರಲಿಲ್ಲ.

ಆ ವಾರ ಹೆಂಗಸರೆಲ್ಲ ಒಟ್ಟಿಗೆ ಕೂತು ಮರದ ತೊಗಟೆಯನ್ನು ಕೊಡತಿಯಿಂದ ಬಡಿದು ಬಟ್ಟೆ ಮಾಡುತ್ತಿದ್ದಾಗ ಅವಳು ಬೇಕೆಂದೇ ದನಿ ಏರಿಸಿದಳು. "ಕಂಪ್ಯೂಟರ್‌ಗೂ ಗುರುತು ಪರಿಚಯ ಇರತ್ತೆ ಕಣ್ರೇ. ಒಳಗಿಂದೊಳಗೆ ಏನೇನು ನಡೀತೋ!"

"ಹಂದಿ ಹೊಡೆದು ಊಟ ಹಾಕಿರ್ಬೇಕು ಅದಕ್ಕೆ!" ಅಂದಳು ಪಕ್ಕದ ಮನೆಯವಳು.

ಎಲ್ಲರೂ ನಕ್ಕರು. ಕಲೊಲೈನೆಯ ಕೊಡತಿ ಒಂದು ಗಳಿಗೆ ನಿಂತು, ಮತ್ತೆ ಬಡಿಯತೊಡಗಿತು.

ಹೆಸರು ಬಂದರಷ್ಟೇ ಸಾಲದು, ಗಂಡ ಹೆಂಡಿರಲ್ಲಿ ಒಬ್ಬರಿಗೆ ಕೆಲಸ ಕೊಡುತ್ತೇವೆಂದು ಅಲ್ಲಿಯವರೊಬ್ಬರು ಗಡುವಿನೊಳಗೆ ಬರೆದುಕೊಡಬೇಕು. ಇವರಿಗೆ ಗೊತ್ತಿದ್ದವನೆಂದರೆ ಆಕ್ಲೆಂಡಿನಲ್ಲಿ ಬೇಕರಿ ಇಟ್ಟಿದ್ದ ಕಿತಿಯೋನಿ ಒಬ್ಬನೇ. ಅವನು ಸೇಯಿನಿಯ ಮೈದುನ.

"ಅಕ್ಕಾ, ಅವರಿಗೆ ಒಂದ್ಮಾತು ಹೇಳ್ತೀರಾ?" ಎಂದು ಕಲೊಲೈನೆ ತಲೆ ತಗ್ಗಿಸಿ ಕೇಳಿದಳು.

"ಹೇಳದೆ ಏನು," ಅಂದಳು ಸೇಯಿನಿ. ಆದರೆ ಹೇಳಲಿಲ್ಲ. ಒಮ್ಮೆ ಫೋನು ಸಿಗಲಿಲ್ಲವೆಂದಳು. ಇನ್ನೊಮ್ಮೆ, "ಅಲ್ಲಿ ಕೆಲಸ ಖಾಲಿ ಇಲ್ವಂತಮ್ಮ" ಅಂದಳು. ಕಲೊಲೈನೆಯ ಮುಖ ಬಾಡಿದ್ದು ಕಂಡು ಆ ರಾತ್ರಿ ಸೇಯಿನಿಗೆ ಚೆನ್ನಾಗಿ ನಿದ್ದೆ ಬಂತು.

ಗಡುವು ಹತ್ತಿರವಾದಾಗ ವಿಲಿಸೋನಿ ಬಂದ. ಅಲ್ಲಿಯ ಪದ್ಧತಿಯಂತೆ ಅಕ್ಕ ಕೂತಿರುವ ಮನೆಯೊಳಗೆ ತಮ್ಮನಾದವನು ಕಾಲಿಡುವುದಿಲ್ಲ. ಅಂಗಳದಲ್ಲೇ ನಿಂತು, ರಸ್ತೆಯ ಕಡೆ ಮುಖ ಮಾಡಿ ಮಾತಾಡಿದ.

"ಅಕ್ಕಾ, ಕಚೇರಿಗೆ ಹೋಗಿದ್ದೆ. ನಮ್ಮ ಚೀಟೀನ ನಮ್ಮಕ್ಕನ ಹೆಸರಿಗೆ ಮಾಡ್ಕೊಡಿ ಅಂತ ಕೇಳ್ದೆ. ಆಗಲ್ವಂತೆ."

ಸೇಯಿನಿ ಒಳಗಿಂದಲೇ ಕೇಳಿದಳು, "ಕಲೊಲೈನೆಗೆ ಗೊತ್ತಾ?"

"ಅವಳೇ ಹೇಳಿ ಕಳ್ಸಿದ್ದು. ಅಕ್ಕ ಇರುವಾಗ ನಾವು ಮುಂದೆ ಹೋಗೋದು ಸರಿಯಲ್ಲ ಅಂದ್ಲು."

ಅದೃಷ್ಟ ಸಾಲದೆಂಬಂತೆ ಒಳ್ಳೆಯತನವೂ ಅವಳಿಗೇ ಸಿಕ್ಕಿತಲ್ಲ ಎಂದು ಸೇಯಿನಿಗೆ ಇನ್ನಷ್ಟು ಉರಿಯಿತು. ಉರಿಯುತ್ತಲೇ ಕಿತಿಯೋನಿಗೆ ಫೋನು ಮಾಡಿದಳು.

"ಒಂದು ಕೆಲಸ ನಿಮಗೇ ಅಂತ ಇಟ್ಕೊಂಡಿದ್ದೆನಲ್ಲ ಅತ್ತಿಗೆ," ಅಂದ ಕಿತಿಯೋನಿ.

"ನನ್ನ ತಮ್ಮನಿಗೆ ಕೊಡು," ಅಂದಳು. ಆಮೇಲೆ ಬಾಗಿಲಿಗೆ ಬಂದು ಸಿಡುಕಿದಳು. "ಕೆಲಸ ಸಿಕ್ತು. ಮೊದಲಿಂದ್ಲೂ ಇತ್ತು. ನಾನೇ ಕೇಳಿರ್ಲಿಲ್ಲ."

ವಿಲಿಸೋನಿ ತಲೆ ಎತ್ತಲಿಲ್ಲ. "ಆಯ್ತಕ್ಕಾ," ಅಂದ, ಅಷ್ಟೇ.

ಅವರು ಹೋದ ಮೇಲೆ ಆಕ್ಲೆಂಡಿನಿಂದ ಒಂದು ಫೋಟೊ ಬಂತು. ಕಲೊಲೈನೆ ಉಣ್ಣೆಯ ಕೆಂಪು ಕೋಟು ತೊಟ್ಟು ನಗುತ್ತಿದ್ದಳು. ಸೇಯಿನಿ ಇಡೀ ದಿನ ಅದನ್ನು ತೆಗೆದು ತೆಗೆದು ನೋಡಿದಳು. ಸಂಜೆ ಉತ್ತರ ಬರೆದಳು: "ಕೋಟು ನಿನಗೆ ದೊಡ್ಡದಾಯ್ತು. ನನಗೆ ಸರಿಯಾಗ್ತಿತ್ತು."