ಇಂಗ್ಲಿಷ್ ಸೊಸೆ

ಇಳಕಲ್ಲಿನ ಸೀರೆ ವ್ಯಾಪಾರಿ ಅಮಾತೆಪ್ಪನವರ ಮನೆಯಲ್ಲಿ ಇಬ್ಬರು ಸೊಸೆಯರು. ಹಿರಿಯವಳು ಬಾದಾಮಿಯ ಶಿವಗಂಗಾ, ಬಾಗಲಕೋಟೆಯ ಕಾಲೇಜಿನಲ್ಲಿ ಇಂಗ್ಲಿಷ್ ಓದಿ ಬಿ.ಎ. ಮಾಡಿದವಳು. ಕಿರಿಯವಳು ಹುನಗುಂದದ ದಾನೇಶ್ವರಿ. ಪಿಯುಸಿಯನ್ನು ಹೇಗೋ ದಾಟಿದವಳು, ಅದನ್ನು ತಾನೇ ನಾಲ್ಕು ಮಂದಿಯ ಮುಂದೆ ಹೇಳಿಕೊಂಡು ನಗುವವಳು. ಶಿವಗಂಗಾ ಮದುವೆಯಾಗಿ ಬಂದ ಹೊಸದರಲ್ಲಿ ಮಾವ ಅವಳನ್ನು ಬಂದವರಿಗೆಲ್ಲ "ನಮ್ಮ ಇಂಗ್ಲಿಷ್ ಸೊಸಿ" ಎಂದೇ ತೋರಿಸುತ್ತಿದ್ದರು. ಬ್ಯಾಂಕಿನ ಕಾಗದವಿರಲಿ, ಮುಂಬೈ ಗಿರಾಕಿಯ ತಕರಾರಿರಲಿ, ಮೊದಲು ಅವಳ ಕೈಗೇ ಬರುತ್ತಿತ್ತು. ರೊಟ್ಟಿ ಬಡಿಯುತ್ತಿದ್ದವಳು ಹಿಟ್ಟಿನ ಕೈ ಒರೆಸಿಕೊಂಡು ಎದ್ದು ಹೋಗಿ ಓದಿ ಹೇಳಿ ಬರುವುದರಲ್ಲಿ ಒಂದು ಗತ್ತಿತ್ತು.

ಒಂದೇ ಕೊರತೆ. ಓದಲು, ಬರೆಯಲು ಸೈ, ಮಾತಾಡು ಎಂದರೆ ನಾಲಿಗೆ ಅಂಗುಳಕ್ಕೆ ಅಂಟಿಕೊಳ್ಳುತ್ತಿತ್ತು. ಇಂಗ್ಲಿಷಿನಲ್ಲಿ ಕೆಲವು ಕ್ರಿಯಾಪದಗಳು ಒಂಟಿಯಾಗಿ ಬರಲು ಒಪ್ಪುವುದಿಲ್ಲ. ಲುಕ್ಡ್ ಎಂದರೆ ಬೆನ್ನಿಗೆ ಆ್ಯಟ್ ಬೇಕು, ವೇಟೆಡ್ ಎಂದರೆ ಫಾರ್ ಬೇಕು. ಶಿವಗಂಗಾ ಆ ಪುಟ್ಟ ಪದವನ್ನು ಹುಡುಕಿ, ಒರೆಗೆ ಹಚ್ಚಿ, ಸರಿ ಎಂದುಕೊಳ್ಳುವಷ್ಟರಲ್ಲಿ ಆ ಕಡೆಯವರು ಫೋನ್ ಇಟ್ಟಿರುತ್ತಿದ್ದರು.

ದಾನೇಶ್ವರಿಗೆ ಆ ರಗಳೆಯೇ ಇಲ್ಲ. ಬಂದ ವರ್ಷವೇ ಮನೆಯ ಮುಂಭಾಗದ ಅಂಗಡಿಯ ಗಾದಿಯ ಮುಂದೆ ಫೋನ್ ನಿಲ್ಲಿಸಿ, ಸೀರೆಗಳ ಮಡಿಕೆ ಬಿಚ್ಚಿ ತೋರಿಸುತ್ತ ಲೈವ್ ಶುರು ಮಾಡಿದಳು. "ಮೇಡಂ, ಐ ಲುಕ್ಡ್ ದಿಸ್ ಸಾರಿ, ಮೈ ಹಾರ್ಟ್ ವೆಂಟ್" ಎಂದು ಎದೆಗೆ ಕೈ ಇಟ್ಟುಕೊಂಡರೆ ಪುಣೆಯವರೂ ಹೈದರಾಬಾದಿನವರೂ ನಗುತ್ತಿದ್ದರು. ನಗುತ್ತ ನಗುತ್ತಲೇ ಕೊಳ್ಳುತ್ತಿದ್ದರು. ಬಾಗಿಲ ಮರೆಯಲ್ಲಿ ನಿಂತು ಕೇಳುತ್ತಿದ್ದ ಶಿವಗಂಗಾ ಪ್ರತಿ ತಪ್ಪನ್ನೂ ಬೆರಳು ಮಡಚಿ ಎಣಿಸುತ್ತಿದ್ದಳು. ಒಂದು ವಾಕ್ಯ ನೆಟ್ಟಗಿಲ್ಲದವಳಿಗೆ ಗಾದಿ, ಎಲ್ಲ ಬಲ್ಲವಳಿಗೆ ಒಲೆ! ಕುಣಿಯಲು ಬಾರದವಳು ನೆಲ ಡೊಂಕು ಎಂದಳಂತೆ. ನೆಲ ಡೊಂಕೇ ಇತ್ತೆಂದು ಬೇಕಾದರೆ ಒಪ್ಪಿಕೊಳ್ಳೋಣ, ಆದರೆ ಅದೇ ನೆಲದ ಮೇಲೆ ಕಿರಿಯವಳು ಕುಣಿಯುತ್ತಿದ್ದಳಲ್ಲ, ಅದಕ್ಕೇನು ಹೇಳುವುದು?

ದೀಪಾವಳಿ ಹತ್ತಿರ ಬಂದಾಗ ಒಂದು ದಿನ ನೂಲಿನ ವ್ಯಾಪಾರಿ ಅಹ್ಮದಸಾಬರು ಅಂಗಡಿಗೆ ಬಂದರು. ಶಿವಗಂಗಾ ಚಹಾ ತಂದಳು. ಅಮಾತೆಪ್ಪ ಅವಳ ಕೈಯಿಂದಲೇ ಕಪ್ಪು ತೆಗೆದುಕೊಂಡು, ಅತ್ತ ಫೋನ್ ಹಿಡಿದು ಕುಳಿತಿದ್ದ ದಾನೇಶ್ವರಿಯ ಕಡೆ ಗದ್ದ ಎತ್ತಿ ತೋರಿಸಿದರು.

"ಇಕಿ ನೋಡ್ರಿ ಸಾಹೇಬರ, ನಮ್ಮ ಇಂಗ್ಲಿಷ್ ಸೊಸಿ."

ಶಿವಗಂಗಾ ಖಾಲಿ ತಟ್ಟೆ ಹಿಡಿದು ಒಳಗೆ ಬಂದು, ತೊಳೆದಿಟ್ಟ ಪಾತ್ರೆಗಳನ್ನೇ ಮತ್ತೆ ತೊಳೆದಳು. ಮಾವ ಬೈದಿದ್ದರೂ ಇಷ್ಟು ಉರಿಯುತ್ತಿರಲಿಲ್ಲ. ಕಣ್ಣೆದುರಿಗೇ ತನ್ನ ಹೆಸರನ್ನು ಕಿತ್ತು ಇನ್ನೊಬ್ಬಳಿಗೆ ಉಡಿ ತುಂಬಿದ್ದರು. ಕೊಟ್ಟೆವೆಂಬ ಅರಿವೂ ಅವರಿಗಿರಲಿಲ್ಲ.

ಅದೇ ಮಧ್ಯಾಹ್ನ ದಾನೇಶ್ವರಿ ಅಡುಗೆಮನೆಗೆ ಬಂದು ಪಕ್ಕದಲ್ಲಿ ಕುಳಿತಳು.

"ಅಕ್ಕಾ, ನಾಳೆ ದೊಡ್ಡ ಲೈವ್ ಐತ್ರಿ. ಪುಣೆದ ಹೆಣ್ಣಮಕ್ಕಳ ಸಂಘದವರು ಎಲ್ಲಾರೂ ನೋಡ್ತಾರಂತ. ನನಗ ಒಂದೀಟು ಹೇಳಿಕೊಡ್ರಿ."

"ನಿನಗೇನು ಹೇಳಿಕೊಡೂದೈತಿ? ಪಟಪಟ ಮಾತಾಡ್ತಿಯಲ್ಲ."

"ಮಾತಿನ ಒಡಲು ನೇಯ್ತೇನ್ರಿ, ಸೆರಗು ಕೂಡಸಾಕ ಬರೂದಿಲ್ಲ. ಆ ಸಣ್ಣ ಸಣ್ಣ ಶಬ್ದ ಅದಾವಲ್ಲ, ಅವು ತಪ್ತಾವ. ವೇಟೆಡ್ ಅಂದಮ್ಯಾಲ ಯಾವುದು ಬರ್ತೈತ್ರಿ?"

ಫಾರ್. ಉತ್ತರ ಶಿವಗಂಗಾಳ ನಾಲಿಗೆಯ ತುದಿಯಲ್ಲೇ ಇತ್ತು. ಹೊರಗೆ ಬಂದದ್ದು ಬೇರೆ.

"ಟು," ಎಂದಳು.

ದಾನೇಶ್ವರಿ ಶ್ರದ್ಧೆಯಿಂದ "ವೇಟೆಡ್ ಟು, ವೇಟೆಡ್ ಟು" ಎಂದು ಬಾಯಿಪಾಠ ಮಾಡತೊಡಗಿದಳು. ಲುಕ್ಡ್ ಆದಮೇಲೆ ಏನು ಎಂದು ಕೇಳಿದಳು. ಫ್ರಮ್ ಎಂದಳು ಹಿರಿಯವಳು. ಆಸ್ಕ್ಡ್ ಆದಮೇಲೆ? ಆನ್. ಮೊದಲನೆಯದು ಬಾಯಿ ಜಾರಿ ಬಂದಿತ್ತು ಎನ್ನಬಹುದು. ಉಳಿದವನ್ನು ಆರಿಸಿ, ತೂಗಿ ಕೊಟ್ಟಳು. ನಾಳೆ ಪುಣೆಯವರೆಲ್ಲ ಮುಖ ಸಿಂಡರಿಸಲಿ, ಇಂಗ್ಲಿಷ್ ಸೊಸೆ ಯಾರೆಂದು ಮಾವನಿಗೂ ತಿಳಿಯಲಿ ಎಂಬ ಆಸೆಗೆ ಆ ರಾತ್ರಿ ಅವಳಿಗೆ ಒಳ್ಳೆಯ ನಿದ್ದೆಯೂ ಬಂತು.

ಮರುದಿನ ಲೈವ್ ನಡೆಯಿತು. ಮಾವ ಗಾದಿಯ ಮೇಲೆ, ಶಿವಗಂಗಾ ಬಾಗಿಲ ಬಳಿ. ಹೇಳಿಕೊಟ್ಟದ್ದನ್ನೆಲ್ಲ ದಾನೇಶ್ವರಿ ಒಂದನ್ನೂ ಬಿಡದೆ ಗಟ್ಟಿ ದನಿಯಲ್ಲಿ ಹೇಳಿದಳು. ಎಂದಿನಂತೆ ಸೀರೆಗಳು ಹೋಗುತ್ತಲೇ ಇದ್ದವು. ನಡುವೆ ಪುಣೆಯ ರಾಧಿಕಾ ಎಂಬ ಹಳೆಯ ಗಿರಾಕಿ, ಅದು ವೇಟೆಡ್ ಟು ಅಲ್ಲಮ್ಮಾ, ವೇಟೆಡ್ ಫಾರ್ ಎಂದು ನಯವಾಗಿ ಬರೆದರು. ದಾನೇಶ್ವರಿ ಓದಿ ತಲೆ ಅಲ್ಲಾಡಿಸಿದಳು.

"ನೋ ಮೇಡಂ. ಮೈ ಅಕ್ಕಾ ಬಿ.ಎ. ಇಂಗ್ಲಿಷ್. ಅಕ್ಕಾ ಟೋಲ್ಡ್. ಅಕ್ಕಾ ರೈಟ್, ಯೂ ರಾಂಗ್."

ಇನ್ನಿಬ್ಬರು ಅದನ್ನೇ ಬರೆದರು. ಅವರಿಗೂ ಅದೇ ಉತ್ತರ. ಗಿರಾಕಿ ಹೋದರೂ ಹೋಗಲಿ, ಅಕ್ಕನ ಮಾತು ಹೋಗಬಾರದು ಎಂಬ ಹಟ. ಶಿವಗಂಗಾ ಬಾಗಿಲ ಚೌಕಟ್ಟನ್ನು ಹಿಡಿದುಕೊಂಡಳು. ನಿನ್ನೆಯಿಂದ ಕಾದಿದ್ದ ಹೊತ್ತು ಬಂದಿತ್ತು, ಅದರಲ್ಲಿ ಒಂದು ಚೂರೂ ರುಚಿ ಇರಲಿಲ್ಲ.

ಲೈವ್ ಮುಗಿದ ಮೇಲೆ ದಾನೇಶ್ವರಿ ಬಾಗಿಲ ಬಳಿಗೆ ಓಡಿ ಬಂದಳು. "ಪುಣೆದವರು ನಿಮ್ಮದ ತಪ್ಪು ಅಂದ್ರು ಅಕ್ಕಾ. ನಾ ಬಿಡಲಿಲ್ಲ ನೋಡ್ರಿ."

"ಅವರ ಹೇಳಿದ್ದ ಖರೆ," ಎಂದಳು ಶಿವಗಂಗಾ.

ದಾನೇಶ್ವರಿ ಅಕ್ಕನ ತೋಳು ಸವರಿದಳು. "ಹೋಗ್ಲಿ ಬಿಡ್ರಿ. ಕಾಲೇಜ್ ಬಿಟ್ಟು ಭಾಳ ವರ್ಷ ಆತು, ಮರ್ತಿರ್ತೀರಿ."

"ಹೌದವ್ವಾ," ಎಂದರು ಗಾದಿಯಿಂದ ಅಮಾತೆಪ್ಪ, ಕನಿಕರದಿಂದಲೇ. "ಬಳಸಲಿಲ್ಲಂದ್ರ ವಿದ್ಯಾ ಮರ್ತ ಹೋಗ್ತೈತಿ. ಒಲಿ ಮುಂದ ಕುಂತವ್ರಿಗೆ ಎಲ್ಲಿಂದ ನೆನಪಿರಬೇಕು?"

ಸುಮ್ಮನಿದ್ದಿದ್ದರೆ ಮಾತು ಅಲ್ಲಿಗೇ ಮುಗಿಯುತ್ತಿತ್ತು. ಬೆಕ್ಕು ಕಣ್ಣು ಮುಚ್ಚಿ ಕುಡಿದ ಹಾಲು ಯಾರಿಗೂ ತಿಳಿಯುತ್ತಿರಲಿಲ್ಲ. ಆದರೆ ಕೆಟ್ಟವಳು ಎನ್ನಿಸಿಕೊಂಡು ಬದುಕಬಹುದು, ಗೊತ್ತಿಲ್ಲದವಳು ಎನ್ನಿಸಿಕೊಂಡು ಶಿವಗಂಗಾ ಒಂದು ದಿನವೂ ಬದುಕಲಾರಳು.

"ನಾ ಏನೂ ಮರ್ತಿಲ್ಲ," ಎಂದಳು. "ವೇಟೆಡ್ ಫಾರ್, ಲುಕ್ಡ್ ಆ್ಯಟ್, ಆಸ್ಕ್ಡ್ ಫಾರ್. ಎಲ್ಲಾ ಬರ್ತೈತಿ. ಬೇಕಂತನ ತಪ್ಪು ಹೇಳಿಕೊಟ್ಟೆ."

"ಯಾಕ್ರಿ?"

"ಮಾವಾರು ನಿನಗ ಇಂಗ್ಲಿಷ್ ಸೊಸಿ ಅಂದ್ರು. ಅದು ನನ್ನ ಹೆಸರಿತ್ತು. ಹೊಟ್ಟಿ ಉರೀತು."

ಅಮಾತೆಪ್ಪ ಕನ್ನಡಕ ತೆಗೆದು ಒರೆಸಲು ಕುಳಿತರು. ದಾನೇಶ್ವರಿ ಗಾದಿಗೆ ಹೋಗಿ ಬಿಚ್ಚಿದ್ದ ಸೀರೆಗಳನ್ನು ಮಡಚತೊಡಗಿದಳು. ಜಗಳವಾಗಲಿಲ್ಲ. ಆಗಿದ್ದರೆ ಒಳ್ಳೆಯದಿತ್ತು, ಕೂಗಾಡಿ ಹಗುರಾಗುತ್ತಿದ್ದರು. ರೊಟ್ಟಿ ಎಂದಿನಂತೆ ಆದವು, ಊಟಕ್ಕೆ ಎಂದಿನಂತೆ ಕುಳಿತರು. ಮಾತು ಮಾತ್ರ ಉಪ್ಪು ಕೊಡ್ರಿ, ನೀರು ಕೊಡ್ರಿ ಎನ್ನುವುದಕ್ಕಿಂತ ಮುಂದೆ ಹೋಗಲಿಲ್ಲ.

ಮುಂದಿನ ಲೈವಿಗೆ ಮಾವನೇ "ಇಬ್ಬರೂ ಕೂಡ್ರಿ" ಎಂದು ಶಿವಗಂಗಾಳನ್ನೂ ಗಾದಿಗೆ ಕರೆದರು. ದಾನೇಶ್ವರಿ ಹಸಿರು ಸೀರೆಯ ಮಡಿಕೆ ಬಿಚ್ಚಿ ನಗುತ್ತ ಶುರು ಮಾಡಿದಳು. "ಯಸ್ಟರ್‌ಡೇ ಮೆನಿ ಪೀಪಲ್ ಆಸ್ಕ್ಡ್..." ಎಂದವಳು ಅಲ್ಲೇ ನಿಂತಳು. ಎಂದೂ ನಿಲ್ಲದ ನಾಲಿಗೆ ನಿಂತಿತ್ತು. ಆನ್, ಟು, ಫ್ರಮ್, ಯಾವುದನ್ನು ನಂಬುವುದೆಂದು ತಿಳಿಯದೆ ಅವಳ ಮುಖ ಸಣ್ಣದಾಯಿತು.

"ಫಾರ್," ಎಂದಳು ಶಿವಗಂಗಾ. ಹುಡುಕಲಿಲ್ಲ, ಒರೆಗೆ ಹಚ್ಚಲಿಲ್ಲ. ಅವಳ ಬಾಯಿಂದ ಸರಿಯಾದ ಹೊತ್ತಿಗೆ ಬಂದ ಮೊದಲ ಇಂಗ್ಲಿಷ್ ಮಾತು ಅದು.

ದಾನೇಶ್ವರಿ ಅವಳ ಕಡೆ ನೋಡಿದಳು. ಸಿಟ್ಟಿರಲಿಲ್ಲ. ತೊಳೆದರೆ ಬಣ್ಣ ಬಿಡುತ್ತದೋ ಹೇಗೋ ಎಂದು ಹೊಸ ಸೀರೆಯನ್ನು ನೋಡುವಂತೆ ನೋಡಿದಳು. ಆಮೇಲೆ ಫೋನಿನ ಕಡೆ ತಿರುಗಿದಳು.

"ಮೇಡಂ, ಫಾರ್ ಕರೆಕ್ಟ್? ಪ್ಲೀಸ್ ಟೆಲ್."

ಹೌದು, ಸರಿ ಎಂದು ಪುಣೆಯಿಂದ ಬರೆದು ಬಂತು. ಆಮೇಲೆಯೇ ದಾನೇಶ್ವರಿ ಆ ಪದವನ್ನು ಬಾಯಿಗೆ ತಂದಳು.