ಹುಲಿಗವ್ವನ ರೊಟ್ಟಿ ಪರೀಕ್ಷೆ

ಇರಕಲ್ಲಗಡದ ಹುಲಿಗವ್ವನಿಗೆ ಹೊಲವಿರಲಿಲ್ಲ, ದನವಿರಲಿಲ್ಲ. ಇದ್ದದ್ದು ಮನುಷ್ಯರನ್ನು ಅಳೆಯುವ ಕಣ್ಣು. ನಿಜಾಮರ ಆಳ್ವಿಕೆಯ ಆ ದಿನಗಳಲ್ಲಿ ಯಲಬುರ್ಗಿ, ಕುಷ್ಟಗಿ, ಗಂಗಾವತಿ ಕಡೆಯ ವಾಡೆಗಳಿಗೆ, ಗೌಡರ ದೊಡ್ಡ ಮನೆಗಳಿಗೆ, ಹೆಣ್ಣಾಳು ಬೇಕಾದರೆ ಮೊದಲು ಅವಳಿಗೇ ಹೇಳಿಕಳಿಸುತ್ತಿದ್ದರು. ಯಾರು ಯಾವ ಕೆಲಸಕ್ಕೆ, ಯಾವ ಮನೆಗೆ ಒಗ್ಗುತ್ತಾರೆ ಎಂದು ಆರಿಸಿಕೊಡುವುದೇ ಅವಳ ಕಸುಬು. ಅವಳು ಹೂಂ ಎಂದರೆ ಆಳು ಒಳಗೆ, ಊಹೂಂ ಎಂದರೆ ಹೊರಗೆ. ಅದರ ಬಗ್ಗೆ ಅವಳಿಗೆ ಸಣ್ಣ ಜಂಬವಿತ್ತು. ಸಣ್ಣದೇನು ಬಂತು, ತಲೆಯ ಮೇಲೆ ಸೆರಗು ನಿಲ್ಲದಷ್ಟಿತ್ತು!

ಅಡುಗೆಮನೆಗೆ ಆರಿಸುವಾಗ ಅವಳದೊಂದು ಪರೀಕ್ಷೆ. ಬಂದವರನ್ನು ಸಾಲಾಗಿ ಕೂರಿಸಿ, ಹಂಚಿನಿಂದ ಆಗಷ್ಟೇ ತೆಗೆದ ಜೋಳದ ರೊಟ್ಟಿಯನ್ನು ಅಂಗೈ ಮೇಲೆ ಇಡುತ್ತಿದ್ದಳು. ಕೈ ಕೊಡವಿ ಕೆಳಗೆ ಹಾಕಿದವಳು ಮನೆಗೆ ಹೋಗಬೇಕು. ಆರುವ ತನಕ ಹಿಡಿದುಕೊಂಡವಳಿಗೆ ದೊಡ್ಡ ಮನೆಯ ಒಲೆ.

"ಬಿಸಿ ತಾಳ್ಕೊಂಡಾಕಿ ನಿಮ್ಮ ಬೈಗುಳಾನೂ ತಾಳ್ಕೋತಾಳ್ರಿ" ಎನ್ನುತ್ತಿದ್ದಳು. ಯಜಮಾನತಿಯರು ನಕ್ಕು ಒಪ್ಪುತ್ತಿದ್ದರು.

ತಳಕಲ್ಲಿನ ಗೌಡರ ವಾಡೆಯಲ್ಲಿ ಮೂವತ್ತು ಆಳುಗಳಿಗೆ ರೊಟ್ಟಿ ಬಡಿಯುವವಳು ಬೇಕಾದಾಗ ಕಿನ್ನಾಳದ ಕಡೆಯ ಸಣ್ಣವ್ವ ಬಂದಳು. ಗಂಡ ತೀರಿಕೊಂಡ, ಹಿಂದು ಮುಂದು ಇಲ್ಲದ ಹೆಂಗಸು. ಹಬೆಯಾಡುವ ರೊಟ್ಟಿಯನ್ನು ವೀಳ್ಯದೆಲೆ ಹಿಡಿದಂತೆ ಹಿಡಿದು ಕೂತಳು. ಉಳಿದ ಐವರ ಕೈಯಿಂದ ರೊಟ್ಟಿ ನೆಲಕ್ಕೆ ಬಿದ್ದಿತ್ತು. ಹದಿನಾರು ವರ್ಷದ ಕಸುಬಿನಲ್ಲಿ ಇಂಥ ಕೈ ನೋಡಿರಲಿಲ್ಲವೆಂದು ಹುಲಿಗವ್ವ ಊರೆಲ್ಲ ಹೇಳಿಕೊಂಡು ತಿರುಗಿದಳು.

ಎರಡು ತಿಂಗಳು ಬಿಟ್ಟು, ನಾಲ್ಕು ಹೊಗಳಿಕೆಯ ಮಾತು ಕೇಳೋಣವೆಂದು ಬೆಳಗಿನ ಹೊತ್ತಿಗೆ ತಳಕಲ್ಲಿಗೆ ಹೋದಳು. ಗೌಡಶಾನಿ ಗಾಳೆಮ್ಮ ಅಡುಗೆಮನೆಯ ಹೊಸ್ತಿಲ ಬಳಿ ಅವರೆಕಾಯಿ ಸುಲಿಯುತ್ತಿದ್ದಳು. ಒಳಗಿನಿಂದ ಸುಟ್ಟ ವಾಸನೆ ಬಂತು. ರೊಟ್ಟಿ ಸೀದಿರಬೇಕು ಎಂದುಕೊಂಡು ಹುಲಿಗವ್ವ ಬಗ್ಗಿ ನೋಡಿದಳು.

ಸೀಯುತ್ತಿದ್ದದ್ದು ರೊಟ್ಟಿಯಲ್ಲ. ಸಣ್ಣವ್ವ ಬಾಗಿಲ ಕಡೆ ತಿರುಗಿ, "ಬರ್ರಿ ಅಕ್ಕಾರ, ಆರಾಮ ಅದೀರಿ?" ಎಂದು ನಗುತ್ತಿದ್ದಳು. ಅವಳ ಎಡಗೈಯ ಮೂರು ಬೆರಳು ಕಾದ ಹಂಚಿನ ಮೇಲೆ ಊರಿದ್ದವು.

"ಕೈ! ಕೈ ತಗೀಬೇ!" ಹುಲಿಗವ್ವ ಚೀರಿದಳು.

ಸಣ್ಣವ್ವ ಬೇರೆ ಯಾರದೋ ಕೈ ನೋಡುವವಳಂತೆ ನೋಡಿ, ನಿಧಾನವಾಗಿ ಎತ್ತಿಕೊಂಡಳು. ಹಂಚಿನ ಮೇಲೆ ಚರ್ಮ ಉಳಿಯಿತು.

ಗಾಳೆಮ್ಮ ಮಾತ್ರ ಹಿಗ್ಗಿ ಹೀರೇಕಾಯಿಯಾಗಿದ್ದಳು. "ನೋಡಿದೇನು? ದಿನಾ ಹಿಂಗ. ಸುಟ್ರೂ ಹಾ ಅನ್ನಂಗಿಲ್ಲ. ಇಂಥವರನ್ನ ಇನ್ನಿಬ್ಬರನ್ನ ಹುಡುಕಿ ಕೊಡು, ಹುಲಿಗವ್ವ."

ಹುಲಿಗವ್ವ ಸಣ್ಣವ್ವನನ್ನು ಹಿತ್ತಲಿಗೆ ಎಳೆದೊಯ್ದಳು. ಕೈ ತಿರುವಿ ನೋಡಿದಳು. ಹಳೆಯ ಸುಟ್ಟ ಗಾಯಗಳು, ಮೊಣಕೈ ಮೇಲೆ ಬಿಳಿಚಿದ ಮಚ್ಚೆಗಳು. ಉಗುರೂರಿ ಚಿವುಟಿದಳು. ಸಣ್ಣವ್ವ ರೆಪ್ಪೆ ಬಡಿಯಲಿಲ್ಲ. ಇದು ತಾಳ್ಮೆಯಲ್ಲ, ದೊಡ್ಡ ಬೇನೆ, ಕುಷ್ಠ ಎಂದು ಆಗ ಗೊತ್ತಾಯಿತು.

"ಎಂದಿನಿಂದ ಹಿಂಗೈತಿ?"

"ಮೂರು ವರ್ಷ ಆತ್ರಿ."

"ನನಗ ಯಾಕ ಹೇಳಲಿಲ್ಲ?"

"ನೀವು ಕೇಳಲಿಲ್ಲಲ್ರೀ ಅಕ್ಕಾರ, ರೊಟ್ಟಿ ಅಷ್ಟ ಇಟ್ರಿ. ಎಲ್ಲಾ ಕಡೆ ಬ್ಯಾಡ ಅಂದಿದ್ರು. ನಿಮ್ಮ ಪರೀಕ್ಷಿ ಸುದ್ದಿ ಕೇಳೇ ಬಂದೆ. ಅದೊಂದ ನನ್ನ ಕೈಲಿ ಆಗತಿತ್ತು."

ಹುಲಿಗವ್ವ ಬಾವಿಕಟ್ಟೆಯ ಮೇಲೆ ಕೂತಳು. ರೊಟ್ಟಿ ಕೆಳಗೆ ಹಾಕಿದ ಆ ಐವರ ಗಟ್ಟಿ ಕೈಗಳನ್ನು ತಾನೇ ಮನೆಗೆ ಕಳಿಸಿದ್ದಳು. ಈ ಒಲೆಯ ಮುಂದೆ ಇನ್ನೊಂದು ವರ್ಷ ಕೂತರೆ ಸಣ್ಣವ್ವನಿಗೆ ಬೆರಳೇ ಉಳಿಯುತ್ತಿರಲಿಲ್ಲ. ಬೇನೆಯ ಹೆಸರು ಬಾಯಿಬಿಟ್ಟರೆ ಊರು ಕಲ್ಲು ಎತ್ತಿಕೊಳ್ಳುತ್ತಿತ್ತು.

ಒಳಗೆ ಹೋಗಿ ಗಾಳೆಮ್ಮನಿಗೆ ಕೈ ಮುಗಿದಳು. "ಅವ್ವಾರ, ಈಕಿನ್ನ ಕರಕೊಂಡು ಹೊಂಟೀನ್ರಿ. ನಾ ಆರಿಸಿದ್ದ ತಪ್ಪಾಗೇತಿ."

"ಇಷ್ಟು ಛಲೋ ಆಳು ಬಿಡಿಸಿಕೊಂಡು ಹೋಗತೀಯಾ?" ಗಾಳೆಮ್ಮ ಕೆಂಡವಾದಳು. "ಇನ್ನ ನಿನ್ನ ಮಾತು ಯಾರು ನಂಬತಾರ? ಯಾವ ವಾಡೇಕೂ ನಿನ್ನ ಹತ್ತಿಸದಂಗ ಮಾಡತೀನಿ, ಹೋಗು."

ಹುಲಿಗವ್ವ ಸೆರಗು ಹರಿದು ಸಣ್ಣವ್ವನ ಸುಟ್ಟ ಕೈಗೆ ಕಟ್ಟಿದಳು. ಇಬ್ಬರೂ ಬಿಸಿಲಿಗೆ ಇಳಿದರು. ಊರ ಹೊರಗಿನ ಬೇವಿನ ಮರದ ಹತ್ತಿರ ಸಣ್ಣವ್ವ ನಿಂತಳು.

"ಅಕ್ಕಾರ, ಈಗ ನನ್ನ ಯಾರ ಮನಿಗಿ ಹಚ್ಚತೀರಿ?"

ಹೇಳಲೆಂದು ಹುಲಿಗವ್ವ ಬಾಯಿ ತೆರೆದಳು. ತಾನು ಆಳು ಕೊಟ್ಟ ವಾಡೆಗಳೆಲ್ಲ ಒಂದೊಂದಾಗಿ ನೆನಪಿಗೆ ಬಂದವು. ಹೆಸರು ಮಾತ್ರ ಒಂದೂ ಹೊರಗೆ ಬರಲಿಲ್ಲ.