ಮೂರು ತಲೆಮಾರಿನ ಕೆಂಡ

ಚಳಿ ಆಗಷ್ಟೇ ಬಲಿಯತೊಡಗಿತ್ತು. ಹಿತ್ತಲಿನ ಹುಲ್ಲಿನ ಮೇಲೆ ಕೂತ ಇಬ್ಬನಿ ಬಿಸಿಲು ಗೋಡೆ ಹತ್ತುವವರೆಗೂ ಆರುತ್ತಿರಲಿಲ್ಲ. ಬಡಗಿ ಸೌದೆ ಸೀಳುತ್ತಿದ್ದ. ಅವನ ಹೆಂಡತಿ ಕೂಸನ್ನು ಬೆನ್ನಿಗೆ ಕಟ್ಟಿಕೊಂಡು, ಸೀಳಿದ್ದನ್ನು ಗೋಡೆಗೆ ಒತ್ತಿ ಪೇರಿಸುತ್ತಿದ್ದಳು. ಎರಡು ತುಂಡು ಕೈಯಲ್ಲಿ ಹಿಡಿದು ಒಂದಕ್ಕೊಂದು ಬಡಿಯುವಳು. ಠಣ್ಣೆಂದರೆ ಒಣಗಿದ್ದು, ಒಲೆಗೆ. ದಪ್ಪೆಂದರೆ ಹಸಿ, ಮುಂದಿನ ವರ್ಷಕ್ಕೆ.

"ಕಟ್ಟಿಗೆ ಬಡಿದಿದ್ದು ಸಾಕು, ಮದುವೆ ವಾದ್ಯ ಮುಗೀತು. ಒಳಗೆ ಬಂದು ಒಲೆ ನೋಡು" ಎಂದು ಅತ್ತೆ ಅಡುಗೆಮನೆಯಿಂದ ಕೂಗಿದಳು.

ಬೀದಿಯವರು ಈ ಮುದುಕಿಗೆ ಒಲೆಯಮ್ಮ ಅಂತಲೇ ಹೆಸರಿಟ್ಟಿದ್ದರು. ಆ ಹೆಸರು ಅವಳಿಗೆ ಹೆಮ್ಮೆ. ಆ ಮನೆಯ ಇಟ್ಟಿಗೆಯ ಒಲೆ ಮೂರು ತಲೆಮಾರಿನಿಂದ ಆರಿರಲಿಲ್ಲ. ಅವಳ ಅತ್ತೆಯ ಅತ್ತೆ ಹೊತ್ತಿಸಿದ ಬೆಂಕಿಯನ್ನು ಬೂದಿಯಲ್ಲಿ ಮುಚ್ಚಿ, ಬೆಳಗ್ಗೆ ಕೆದಕಿ, ಊದಿ, ಒಬ್ಬ ಸೊಸೆಯ ಕೈಯಿಂದ ಇನ್ನೊಬ್ಬ ಸೊಸೆಯ ಕೈಗೆ ದಾಟಿಸುತ್ತಾ ಬಂದಿದ್ದರು. ಇದಕ್ಕೊಂದು ಕಟ್ಟಳೆಯೂ ಇತ್ತು. ಚಳಿಗಾಲ ಪೂರ್ತಿ ಕಿರಿಯ ಸೊಸೆ ಒಲೆಯ ಪಕ್ಕದಲ್ಲೇ ಮಲಗಬೇಕು. ರಾತ್ರಿಯ ಅಡುಗೆ ಮುಗಿದ ಮೇಲೆ ಹೊಗೆಕೊಳವೆಗೆ ಅಡ್ಡಲಾಗಿ ಜಾರುವ ತಗಡನ್ನು ಪೂರ್ತಿ ಒಳಗೆ ತಳ್ಳಿ, ಕೊಳವೆಯ ಬಾಯಿ ಮುಚ್ಚಬೇಕು. ಬಾಗಿಲು, ಕಿಟಕಿ ಭದ್ರ ಮಾಡಬೇಕು. ಕಾವು ಹೊರಗೆ ಹೋಯಿತೆಂದರೆ ಕೆಂಡ ಸಾಯುತ್ತದೆ. ಕೆಂಡ ಸತ್ತರೆ ಸೊಸೆ ತವರಿಗೆ.

ಒಲೆಯಮ್ಮ ಒಲೆಯ ಬಿರುಕಿಗೆ ಜೇಡಿಮಣ್ಣು ಮೆತ್ತುತ್ತಿದ್ದಳು. ಸೊಸೆ ಬೂದಿ ಎಳೆಯಲು ಕೂತಳು.

"ಅಷ್ಟೂ ಎಳೀಬೇಡವೇ, ಕೆಂಡಕ್ಕೆ ಹಾಸಿಗೆ ಬೇಡವಾ?"

"ಹಾಸಿಗೆ ಬಿಟ್ಟಿದೀನಿ ಅತ್ತೆ. ಮಸಿ ತುಂಬಿದೆ. ಒಂದು ದಿನ ಆರಿಸಿ ಕೊಳವೆ ಉಜ್ಜಿದರೆ..."

"ಆರಿಸೋದಾ? ಆ ಮಾತು ಇನ್ನೊಂದು ಸಲ ಈ ಬಾಯಲ್ಲಿ ಬಂದರೆ ನಿನ್ನ ಗಂಟುಮೂಟೆ ನಾನೇ ಕಟ್ತೀನಿ. ಚಂದಾಗಿ ಕಟ್ಟೋಕೆ ಬರುತ್ತೆ ನನಗೆ."

ಸೊಸೆ ಬೂದಿಯನ್ನು ಬುಟ್ಟಿಗೆ ತುಂಬಿದಳು. ತಲೆ ಸಿಡಿಯುತ್ತಿತ್ತು. ಚಳಿ ಶುರುವಾದಾಗಿನಿಂದ ಬೆಳಗ್ಗೆ ಎದ್ದರೆ ಹೀಗೇ. ಕಣ್ಣು ಕತ್ತಲೆ, ಹೊಟ್ಟೆ ತೊಳಸು. ಅಂಗಳದಲ್ಲಿ ಎರಡು ಸುತ್ತು ಓಡಾಡಿದರೆ ಸರಿಹೋಗುತ್ತಿತ್ತು. ಆದ್ದರಿಂದ ಅವಳಿಗೆ ಕೂತಲ್ಲಿ ಕೂರಲು ಆಗುತ್ತಿರಲಿಲ್ಲ. ಏನೋ ನೆವ ಹುಡುಕಿ ಹೊರಗೆ ಬರುವಳು. ಬಾಣಂತಿಯ ಕಾಲಿಗೆ ಚಕ್ರ ಕಟ್ಟಿದಾರೆ ಎಂದು ಅತ್ತೆ ಬೀದಿಗೆಲ್ಲ ಹೇಳುವಳು.

ಕೂತಲ್ಲಿ ಕೂರದವನು ಆ ಮನೆಯಲ್ಲಿ ಇನ್ನೊಬ್ಬನಿದ್ದ. ಬಡಗಿಯ ಅಣ್ಣ. ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಯಲ್ಲಿ ಕೂಲಿ. ಅವನ ಹೆಂಡತಿ ಕೆಲವು ವರ್ಷಗಳ ಹಿಂದೆ ಇದೇ ಒಲೆಯ ಪಕ್ಕ ಮಲಗಿದವಳು ಬೆಳಗ್ಗೆ ಏಳಲಿಲ್ಲ. ಅವನು ಮತ್ತೆ ಮದುವೆಯಾಗಿರಲಿಲ್ಲ. ಹೋದ ಬೇಸಿಗೆಯಲ್ಲಿ ಅವನನ್ನು ಬಾಯ್ಲರ್ ಮನೆಗೆ ಹಾಕಿದರು. ಉರಿ ಇಳಿದರೂ ಕೆಂಡವಿರುವಾಗ ಹೊಗೆದಾರಿ ಮುಚ್ಚಕೂಡದು ಎಂಬುದೇ ಅಲ್ಲಿ ಕಲಿಸಿದ ಮೊದಲ ಪಾಠ. ಅಂದಿನಿಂದ ಅವನಿಗೆ ಊಟ ಸೇರುತ್ತಿರಲಿಲ್ಲ.

ಅವನು ಬಾಯಿ ಬಿಡಲಿಲ್ಲ. ಹೇಳಿದರೆ ತಾಯಿಗೆ ಏನು ಹೇಳಿದಂತಾಗುತ್ತದೆ ಎಂಬುದು ಅವನಿಗೆ ಗೊತ್ತಿತ್ತು. ಸಂಜೆ ನೀರು ಕುಡಿಯುವ ನೆಪದಲ್ಲಿ ಅಡುಗೆಮನೆಗೆ ಬಂದು ತಗಡನ್ನು ಒಂದು ಬೆರಳಗಲ ಹೊರಗೆಳೆಯುವನು. ಮುದುಕಿ ಹಿಂದೆಯೇ ಬಂದು ತಳ್ಳುವಳು. ಮತ್ತೆ ಎದ್ದು ಎಳೆಯುವನು.

"ಈ ಮನೇಲಿ ಇಲಿ ಜಾಸ್ತಿ ಆಯ್ತು. ತಗಡನ್ನೂ ಎಳೆಯುತ್ವೆ" ಎಂದು ಅವಳು ಅವನ ಮುಖವನ್ನೇ ನೋಡಿ ಹೇಳುವಳು. ಕೊನೆಗೆ ಒಂದು ಸಂಜೆ ತಗಡಿನ ಹಿಡಿಕೆಗೆ ತಂತಿ ಸುತ್ತಿ ಬಿಗಿದುಬಿಟ್ಟಳು.

ಅದರ ಮರುದಿನ ಬೆಳಗ್ಗೆ ಸೊಸೆ ಕೂಸನ್ನು ಎತ್ತಿಕೊಂಡು ಗೋಡೆ ಹಿಡಿದು ಹಿಡಿದು ಅಂಗಳಕ್ಕೆ ಬಂದಳು. ಬಂದವಳೇ ಕುಸಿದು ಕೂತು ವಾಂತಿ ಮಾಡಿದಳು. ಕೂಸಿನ ಕತ್ತು ಅವಳ ತೋಳಿನ ಮೇಲೆ ಒದ್ದೆ ಬಟ್ಟೆಯಂತೆ ಜೋತಿತ್ತು. ಕೆನ್ನೆ ಮಾತ್ರ ಕೆಂಪಗಿತ್ತು.

"ಒಳಗೆ ತಗೊಂಡು ಹೋಗೇ, ಹಸುಗೂಸನ್ನ ಚಳಿಗೆ ಒಡ್ಡುತ್ತೀಯಲ್ಲ" ಎಂದು ಅತ್ತೆ ಓಡಿಬಂದಳು.

ಅಣ್ಣ ಅಡ್ಡ ನಿಂತ. "ಬೇಡ. ಒಳಗೆ ಬೇಡ." ಕೂಸನ್ನು ಕಸಿದುಕೊಂಡು, ಕಂಬಳಿಯಲ್ಲಿ ಸುತ್ತಿ, ಮುಖ ಮಾತ್ರ ಗಾಳಿಗೆ ಬಿಟ್ಟು, ಬರಿಗಾಲಲ್ಲೇ ಆಸ್ಪತ್ರೆಯ ಕಡೆ ಓಡಿದ. ಬಡಗಿ ಹೆಂಡತಿಯನ್ನು ಎಬ್ಬಿಸಿ ನಡೆಸಿಕೊಂಡು ಹಿಂದೆ ಹೋದ. ಬೀದಿಯ ತಿರುವು ದಾಟುವಾಗ ಕೂಸು ಕೀರಲು ದನಿಯಲ್ಲಿ ಅತ್ತಿತು. ಕೂಸಿನ ಅಳು ಕೇಳಿ ಅವನು ಸಂತೋಷಪಟ್ಟಿದ್ದು ಅದೇ ಮೊದಲು.

ಆಸ್ಪತ್ರೆಯಲ್ಲಿ ತಾಯಿಮಗು ಇಬ್ಬರಿಗೂ ಮೂಗಿಗೆ ಗಾಳಿಯ ಕೊಳವೆ ಹಾಕಿದರು. ಎರಡು ರಾತ್ರಿ ಇರಿಸಿಕೊಂಡು ಕಳಿಸಿದರು. ಇನ್ನಷ್ಟು ಹೊತ್ತು ಆ ಕೋಣೆಯಲ್ಲಿದ್ದಿದ್ದರೆ ಎಂದು ಡಾಕ್ಟರು ಶುರುಮಾಡಿದ ಮಾತನ್ನು ಪೂರ್ತಿ ಹೇಳಲಿಲ್ಲ.

ಮನೆಗೆ ಬಂದ ದಿನ ಸಂಜೆ ಅಣ್ಣ ಅಡುಗೆಮನೆಯ ಬಾಗಿಲಲ್ಲಿ ಕೂತು ಮಾತೆತ್ತಿದ.

"ಅಮ್ಮ, ಮುಚ್ಚಿದ ಕೋಣೇಲಿ ಕೆಂಡ ವಿಷ ಬಿಡುತ್ತೆ. ಅದಕ್ಕೆ ವಾಸನೆ ಇಲ್ಲ, ಕಣ್ಣಿಗೆ ಕಾಣಲ್ಲ. ಮಲಗಿದವರಿಗೆ ಎಚ್ಚರ ಆಗಲ್ಲ."

"ನಾನೂ ಇದೇ ಒಲೆ ಪಕ್ಕ ವರ್ಷಗಟ್ಟಲೆ ಮಲಗಿದೀನಿ. ನಿಮ್ಮಿಬ್ಬರನ್ನೂ ಮಗ್ಗುಲಲ್ಲಿ ಹಾಕಿಕೊಂಡು. ಸತ್ತೆವಾ? ಗುಂಡುಕಲ್ಲಿನ ಹಾಗೆ ಕೂತಿದೀಯಲ್ಲ ಎದುರಿಗೆ."

"ಆಗ ಮನೆಯ ಮಾಡು ಬರೀ ಹೆಂಚು. ಸಂದಿಯಲ್ಲಿ ಚಂದ್ರ ಕಾಣ್ತಿದ್ದ. ಬಾಗಿಲ ಕೆಳಗೆ ಬೆಕ್ಕು ನುಗ್ಗಿ ಬರ್ತಿತ್ತು. ವಿಷ ಹೋಗೋಕೆ ದಾರಿ ಇತ್ತು."

ಬಡಗಿ ತಲೆಯೆತ್ತಿದ. ಆ ಮಾಡಿಗೆ ಹಲಗೆ ಹೊದಿಸಿದವನು ಅವನೇ. ಬಾಗಿಲು, ಕಿಟಕಿ ಅವನು ಸ್ವತಂತ್ರವಾಗಿ ಮಾಡಿದ ಮೊದಲ ಕೆಲಸ. ಅಮ್ಮನಿಗೆ ಚಳಿಯಾಗಬಾರದೆಂದು ಕೂದಲೆಳೆ ತೂರದ ಹಾಗೆ ಕೂರಿಸಿದ್ದ. ನೋಡಲು ಬಂದವರ ಕೈಗೆ ಕಾಗದ ಕೊಟ್ಟು ಬಾಗಿಲ ಸಂದಿಯಲ್ಲಿ ತೂರಿಸಿ ನೋಡಿ ಎನ್ನುತ್ತಿದ್ದ.

"ಅತ್ತಿಗೆ ಹೋಗಿದ್ದು..." ಬಡಗಿ ತಾನು ಕೂರಿಸಿದ ಬಾಗಿಲನ್ನು ನೋಡಿದ.

"ನೀನು ಬಾಗಿಲು ಕೂರಿಸಿದ ಚಳಿಗಾಲದಲ್ಲೇ" ಎಂದ ಅಣ್ಣ. "ಮೊನ್ನೆ ಕೂಸಿನ ಮುಖಕ್ಕೆ ಬಂದಿತ್ತಲ್ಲ, ಅದೇ ಬಣ್ಣ ಇತ್ತು ಅವಳಿಗೆ. ನಿದ್ದೆ ಮಾಡ್ತಿದಾಳೆ ಅಂತ ನಾನು ಎಬ್ಬಿಸದೆ ಕೆಲಸಕ್ಕೆ ಹೊರಟಿದ್ದೆ."

ಮುದುಕಿ ಒಲೆಯ ಬಾಯಿ ತೆಗೆದು ಒಂದು ಸೀಳು ಇಟ್ಟಳು.

"ಕಾರ್ಖಾನೆಯವರು ಕಲಿಸಿದ್ದು ಕಾರ್ಖಾನೇಲಿರಲಿ. ನಮ್ಮತ್ತೆ ಸಾಯುವಾಗ ನನ್ನ ಕೈ ಹಿಡಿದು ಕೇಳಿದ್ದು ಇದೊಂದೇ. ನನ್ನ ಉಸಿರಿರೋವರೆಗೂ ಇದು ಆರಲ್ಲ. ಹಾಸಿಗೆ ತಂದು ಹಾಕೇ" ಎಂದು ಸೊಸೆಗೆ ಹೇಳಿದಳು.

ಸೊಸೆ ಎದ್ದಳು. ಹಾಸಿಗೆಯ ಕಡೆ ಹೋಗಲಿಲ್ಲ. ಮೂಲೆಯಲ್ಲಿದ್ದ ಕಬ್ಬಿಣದ ಬಾಣಲೆ ತಂದು ಒಲೆಯ ಮುಂದಿಟ್ಟು, ಕೊಕ್ಕೆ ಹಾಕಿ ಕೆಂಡವನ್ನು ಎಳೆಯತೊಡಗಿದಳು. ಅವಸರ ಮಾಡಲಿಲ್ಲ. ಮೂಲೆಯ ಕೆಂಡ, ಬೂದಿಯಡಿಯ ಕೆಂಡ, ಸುಟ್ಟ ಸೀಳಿನ ತುದಿ, ಎಲ್ಲವನ್ನೂ.

"ಏನು ಮಾಡ್ತಿದೀಯ?"

"ಆರಿಸ್ತಿದೀನಿ ಅತ್ತೆ."

"ನಿನ್ನ ಗಂಟು ಕಟ್ಟಲಾ?"

"ಕಟ್ಟಿ. ಕೂಸಿನ ಬಟ್ಟೆ ಹಗ್ಗದ ಮೇಲಿದೆ, ಅದನ್ನೂ ಸೇರಿಸಿ." ಅವಳು ಕೊಕ್ಕೆ ನಿಲ್ಲಿಸಲಿಲ್ಲ. "ತವರಲ್ಲಿ ಬೈತಾರೆ. ಬೈಸಿಕೊಳ್ತೀನಿ. ಬೈದರೆ ಮಗು ಸಾಯಲ್ಲ."

ಮುದುಕಿ ಮಕ್ಕಳ ಕಡೆ ತಿರುಗಿದಳು. ಹಿರಿಯವನು ತಂತಿ ಬಿಚ್ಚುತ್ತಿದ್ದ. ಕಿರಿಯವನು ಬಾಗಿಲನ್ನು ಕೀಲಿನಿಂದ ಎತ್ತಿ ಇಳಿಸುತ್ತಿದ್ದ. ಸೊಸೆ ಬಾಣಲೆಯನ್ನು ಎತ್ತಿ ಅಂಗಳಕ್ಕೆ ಒಯ್ದು, ದೂರದಲ್ಲಿ ನಿಂತು ಒಂದು ಕೊಡ ನೀರು ಸುರಿದಳು. ಚುಂಯ್ಯೆಂದು ಹಬೆ ಎದ್ದು ಇಳಿಯಿತು. ಒಲೆಯಮ್ಮ ಗೋಡೆಗೆ ಒರಗಿ ಹಾಗೇ ಕೂತಳು. ಯಾರ ಗಂಟನ್ನೂ ಕಟ್ಟಲಿಲ್ಲ.

ಬೆಳಗಾದ ಮೇಲೆ ಕೊಳವೆ ಉಜ್ಜಿದರು. ಬುಟ್ಟಿಗಟ್ಟಲೆ ಮಸಿ ಬಿತ್ತು, ಜೊತೆಗೆ ಒಂದು ಹಳೆಯ ಹಕ್ಕಿಗೂಡು. ತಗಡು ಎಂದೂ ಪೂರ್ತಿ ಮುಚ್ಚದಂತೆ ಹಿರಿಯವನು ಅದರ ಅಂಚಿನಲ್ಲಿ ಅಂಗೈಯಗಲದ ತುಂಡು ಕತ್ತರಿಸಿದ. ಹಾಸಿಗೆಗಳು ನಡುಮನೆಗೆ ಬಂದವು.

"ಒಲೆ ಹಚ್ಚಿ ಅತ್ತೆ" ಎಂದು ಸೊಸೆ ಬೆಂಕಿಪೊಟ್ಟಣ ಚಾಚಿದಳು.

ಮುದುಕಿ ತೆಗೆದುಕೊಂಡಳು. ಒಂದು ಕಡ್ಡಿ ಗೀರಿ ದಪ್ಪ ಸೀಳಿನ ಕೆಳಗೆ ಹಿಡಿದಳು. ಆರಿತು. ಇನ್ನೊಂದು ಗೀರಿದಳು. ಅದೂ ಆರಿತು. ಆ ಮನೆಗೆ ಬಂದಾಗ ಅವಳಿನ್ನೂ ಚಿಕ್ಕ ಹುಡುಗಿ. ಅಂದಿನಿಂದ ಬೆಂಕಿಯನ್ನು ಕಾದಿದ್ದಳು, ಒಮ್ಮೆಯೂ ಹೊತ್ತಿಸಿರಲಿಲ್ಲ.

"ತೆಳ್ಳನೆ ಚಕ್ಕೆ ಕೆಳಗಿಡಬೇಕು" ಎಂದು ಸೊಸೆ ಪಕ್ಕದಲ್ಲಿ ಕೂತು ತೋರಿಸಿದಳು. ತಗಡನ್ನು ಪೂರ್ತಿ ಎಳೆದಳು. ಉರಿ ಹೊತ್ತಿ, ಹೊಗೆ ನೆಟ್ಟಗೆ ಮೇಲಕ್ಕೆ ಹೋಯಿತು. ಮುದುಕಿ ಬಹಳ ಹೊತ್ತು ಅದನ್ನೇ ನೋಡುತ್ತಿದ್ದಳು. ಆಮೇಲೆ ಹಿರಿಯ ಮಗನನ್ನು ಕೇಳಿದಳು:

"ನಿನ್ನ ಹೆಂಡತಿ ತಾಯಿ ಇದಾಳಾ ಇನ್ನೂ?"

"ಇದಾಳೆ. ಕಣ್ಣು ಮಂಜು."

"ಮಗಳ ರೋಗ ಮುಚ್ಚಿಟ್ಟು ನಮ್ಮ ಕೊರಳಿಗೆ ಕಟ್ಟಿದೀಯ ಅಂತ ಹೇಳಿ ಕಳಿಸಿದ್ದೆ ನಾನು. ಹೆಣ ಎತ್ತೋ ಮೊದಲೇ."

"ಗೊತ್ತಮ್ಮ. ಆ ಮಾತು ಮುಟ್ಟಿಸಿದವನು ನಾನೇ."

ಮುದುಕಿ ಎದ್ದು ಶಾಲು ಹೊದ್ದಳು. ಚಪ್ಪಲಿ ಮೆಟ್ಟಿ ಮಗನ ಜೊತೆ ಅಂಗಳ ದಾಟಿ ಬೀದಿಬಾಗಿಲವರೆಗೂ ಬಂದಳು. ಅಲ್ಲಿ ನಿಂತಳು. ಹೊಸಿಲು ದಾಟಲು ಎತ್ತಿದ ಕಾಲನ್ನು ಹಿಂದಕ್ಕೆ ತೆಗೆದುಕೊಂಡಳು.

"ತಪ್ಪಾಯ್ತು ಅಂತ ನನ್ನ ಪರವಾಗಿ ನೀನೇ ಹೇಳಿಬಿಡೋ."

"ನನ್ನದನ್ನ ನಾನು ಹೇಳಿ ಬರ್ತೀನಿ. ನಿನ್ನದನ್ನ ನೀನೇ ಹೇಳಬೇಕು ಅಮ್ಮ."

ಅವನು ಸ್ವಲ್ಪ ಹೊತ್ತು ಕಾದ. ಆಮೇಲೆ ಒಬ್ಬನೇ ಹೊರಟ. ಮುದುಕಿ ಶಾಲು ಬಿಚ್ಚಲಿಲ್ಲ, ಚಪ್ಪಲಿ ಕಳಚಲಿಲ್ಲ. ಹೊಸಿಲ ಮೇಲೆ ಕೂತು, ಅವನು ತಿರುವಿನಲ್ಲಿ ಮರೆಯಾಗುವವರೆಗೂ ಬೀದಿಯನ್ನು ನೋಡುತ್ತಿದ್ದಳು.